ಪಕ್ಕಾ ಬಣ್ಣದ ನಾಗರಾಜಪ್ಪ

ನೂಲುವುದರಲ್ಲಿ ನಾನು ಬಹುಮಾನ ಪಡೆದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಮ್ಮ ಕಾಲದ ಮಿಡ್ಲಿಸ್ಕೂಲಿನಲ್ಲಿ ವಾರಕ್ಕೆರಡು ಪಿರಿಯಡ್ ನೂಲುವ ಪಾಠ ಇರುತ್ತಿತ್ತು. ತಕಲಿ ತಿರುಗಿಸಿ ಎಳೆ ತೆಗೆಯುವ ಸ್ಪರ್ಧೆಯಲ್ಲಿ ನನಗೆ ಮೂರನೆಯ ಬಹುಮಾನ ಬಂತು. ಸ್ಪರ್ಧಿಸಿದವರು ಮೂವರು. ಆದರೂ ಬಹುಮಾನ ಬಹುಮಾನವೇ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ. ಸಂಜೆ ಐದೂವರೆಗೆ ಮನೆ ಸೇರಿದರೆ ಆಮೇಲೆ ಮಾಡಲು ಕೆಲಸವಿಲ್ಲ. ಹೀಗಿರುವಾಗ ಒಂದು ದಿನ ಆ ಹಳೆಯ ಬಹುಮಾನ ನೆನಪಾಯಿತು. ನೂಲು ತೆಗೆಯುವುದು, ಬಣ್ಣ ಹಾಕುವುದು, ಮಾರುವುದು. ಹವ್ಯಾಸವೂ ಆಯಿತು, ಒಂದು ಸಣ್ಣ ಉದ್ಯಮವೂ ಆಯಿತು ಎಂದು ತೀರ್ಮಾನಿಸಿ ಒಂದು ಪೆಟ್ಟಿಗೆ ಚರಕ ತಂದೆ. ಅದೇ ದಿನ ಪ್ರೆಸ್ಸಿಗೆ ಹೋಗಿ ಐನೂರು ಲೇಬಲ್ ಅಚ್ಚು ಹಾಕಲು ಕೊಟ್ಟೆ. ‘ನೂತವರು ಮತ್ತು ಬಣ್ಣ ಹಾಕಿದವರು: ಕೆ. ನಾಗರಾಜಪ್ಪ, ಶೆಟ್ಟಿಹಳ್ಳಿ, ತುಮಕೂರು. ಪಕ್ಕಾ ಬಣ್ಣ.’

“ಇನ್ನೂ ಒಂದು ಮೊಳ ನೂಲು ತೆಗ್ದಿಲ್ಲ, ಐನೂರು ಚೀಟಿ ಯಾಕ್ರೀ?” ಎಂದಳು ನನ್ನ ಹೆಂಡತಿ ಶಾರದ.

“ಸಾವಿರ ಹಾಕ್ಸೋಣ ಅಂತಿದ್ದೆ. ಮೊದಲು ಇದು ಖರ್ಚಾಗ್ಲಿ ಅಂತ ಸುಮ್ಮನಾದೆ.”

ನನ್ನ ಮೊದಲ ನೂಲು ಸೊಳ್ಳೆಪರದೆ ಕಟ್ಟುವ ಹಗ್ಗದಷ್ಟು ದಪ್ಪವಿತ್ತು. ಶಾರದ ಅದರಲ್ಲಿ ಹಿತ್ತಲಿನ ಹೀರೆಬಳ್ಳಿ ಕಟ್ಟಿದಳು. ಹೀರೆಕಾಯಿ ಚೆನ್ನಾಗಿ ಬಿಟ್ಟಿತು. ಮೂರು ತಿಂಗಳು ಹತ್ತಿಯ ಹಂಜಿಯ ಜೊತೆ ಗುದ್ದಾಡಿದ ಮೇಲೆ ಎಳೆ ಸಣ್ಣಗಾಯಿತು, ತುಂಡಾಗುವುದು ಕಡಿಮೆಯಾಯಿತು, ಮೊದಲ ಗಿರಾಕಿಯೂ ಸಿಕ್ಕರು. ಹಿಂದಿನ ಬೀದಿಯ ಅಜ್ಜಿಯೊಬ್ಬರು ಒಂದು ಲಡಿ ನೂಲು ಕೊಂಡರು. ವಾರ ಬಿಟ್ಟು ಸಿಕ್ಕಾಗ, ನನ್ನ ನೂಲು ಏನಾಯಿತಜ್ಜಿ ಎಂದು ಕೇಳಿದೆ. “ಬತ್ತಿ ಮಾಡ್ಕೊಂಡೆ ಕಣಪ್ಪ. ಬಲು ಚೆನ್ನಾಗಿ ಉರೀತದೆ” ಅಂದರು.

ಬಿಳಿಯ ನೂಲಾದರೆ ಹೀಗೆ ಸುಟ್ಟೇ ಹೋಗುತ್ತದೆ, ಬಣ್ಣ ಹಾಕದೆ ಗತಿಯಿಲ್ಲ ಎಂದು ಆವತ್ತು ನಿಶ್ಚಯಿಸಿದೆ. ಸರಿಯಾಗಿ ಆಗಲೇ ಶಾರದಳ ತಂಗಿಯ ಮದುವೆ ಕುಣಿಗಲ್ಲಿನಲ್ಲಿ ಗೊತ್ತಾಯಿತು.

ಗಂಡಿನ ಕಡೆಯವರನ್ನು ಎದುರುಗೊಳ್ಳುವಾಗ ಗಂಡಸರಿಗೆಲ್ಲ ಹೆಗಲ ಮೇಲೆ ಒಂದೊಂದು ಹೊಸ ಟವೆಲ್ ಹೊದಿಸುವುದು ನಮ್ಮ ಮಾವನವರ ಮನೆಯ ಪದ್ಧತಿ. ಇಪ್ಪತ್ತೈದು ಟವೆಲ್ ಬೇಕಿತ್ತು. ಅವರು ಅಂಗಡಿಯಲ್ಲಿ ತರುವುದೆಂದಿದ್ದರು. ನಾನು ತಡೆದೆ. ಗುಬ್ಬಿಯಲ್ಲಿ ನೇಯಿಸುತ್ತೇನೆ, ಎರಡೂ ತುದಿಗೆ ನನ್ನ ಕೈನೂಲಿನ ಎಲೆಹಸಿರು ಪಟ್ಟಿ ಬರುತ್ತದೆ, ಅಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದೆ. ಈ ಕೊನೆಯ ಮಾತು ಮಾತ್ರ ನಿಜವಾಯಿತು.

“ಬೀಗರು ಸ್ವಲ್ಪ ಖಡಕ್ಕು ಕಣಪ್ಪ” ಎಂದರು ಮಾವನವರು. “ಉಡುಗೊರೆ ವಿಷಯದಲ್ಲಿ ಒಂದು ಮಾತು ಬರ್ಬಾರ್ದು.”

“ನೀವು ನಿಶ್ಚಿಂತೆಯಾಗಿರಿ” ಎಂದೆ. ಪಾಪ, ಇದ್ದರು.

ಬಣ್ಣದ ವಿಷಯದಲ್ಲಿ ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ಗಫಾರ್ ಸಾಬರು. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದವರು. ಕಣ್ಣು ಮಂಜಾಯಿತೆಂದು ಎರಡು ವರ್ಷದ ಹಿಂದೆ ಕೆಲಸ ನಿಲ್ಲಿಸಿದ್ದರು. ಗಫಾರ್ ಸಾಬರ ಕೈಬಣ್ಣ ಎಂದರೆ ಗುಬ್ಬಿ, ಕುಣಿಗಲ್ಲಿನ ನೇಕಾರರು ತಿರುಗಿಸಿ ಕೂಡ ನೋಡದೆ ಕೊಳ್ಳುತ್ತಿದ್ದರು. ಆ ಹೆಸರೊಂದನ್ನೇ ಅವರು ಸಂಪಾದಿಸಿದ್ದು. ಅವರು ತಮ್ಮ ಹಳೆಯ ತಾಮ್ರದ ಹಂಡೆಯನ್ನು ಗೋಡೆಯ ಮೇಲಿಂದ ಇಳಿಸಿಕೊಟ್ಟರು.

“ಕುದ್ಸೋದು ದೊಡ್ಡದಲ್ಲ ನಾಗರಾಜಪ್ಪ, ತೊಳ್ಯೋದು ದೊಡ್ಡದು. ಏಳು ನೀರಾದ್ರೂ ತೊಳೀಬೇಕು. ಕೊನೇ ನೀರು ಕುಡಿಯೋ ನೀರಂಗಿರ್ಬೇಕು. ಅಲ್ಲೀಗಂಟ ಅದು ಬಣ್ಣ ಅಲ್ಲ, ಬರೀ ಧೂಳು. ಕಷ್ಟ ಅನ್ನಿಸಿದ್ರೆ ಹೇಳಿ, ನಾನೇ ಹಾಕ್ಕೊಡ್ತೀನಿ.”

“ಬೇಡಿ ಸಾಬ್ರೇ. ಲೇಬಲ್ ಅಚ್ಚಾಗ್ಬಿಟ್ಟಿದೆ” ಎಂದೆ.

ಒಂದು ಭಾನುವಾರ ಹಿತ್ತಲಿನಲ್ಲಿ ಒಲೆ ಹೂಡಿ, ಬಣ್ಣದ ಪುಡಿ ಕಲಸಿ, ಉಪ್ಪು ಹಾಕಿ, ನೂಲು ಮುಳುಗಿಸಿ, ಕೋಲಿನಿಂದ ತಿರುವುತ್ತಾ ಎರಡು ಗಂಟೆ ಕುದಿಸಿದೆ. ಹೊಗೆಗೆ ಕಣ್ಣು ಕೆಂಪಾದವು. ಕೈಗಳು ಮೊಳಕೈವರೆಗೆ ಹಸಿರಾದವು. ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆಯಿತು. ಬಳಿಕ ತೊಳೆಯಲು ನೀರು ಕೇಳಿದೆ.

ಆಗ ನಮ್ಮ ಬೀದಿಯ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಆವತ್ತು ಬಿಟ್ಟ ದಿನ, ನೀರಿಲ್ಲ.

“ಏಳು ನೀರಾ?” ಎಂದಳು ಶಾರದ. “ನಾಳೆ ಅನ್ನಕ್ಕೆ ಎಸರಿಡೋಕೆ ನೋಡ್ಕೊಂಡು ಇಟ್ಟಿದೀನಿ. ಒಂದು ಬಕೀಟು ಕೊಡ್ತೀನಿ. ಅದ್ರಲ್ಲೂ ಅರ್ಧ ಉಳಿಸಿ, ಪಾತ್ರೆ ತೊಳೀಬೇಕು. ಇಲ್ಲಾಂದ್ರೆ ನಾಳೆವರೆಗೆ ಕಾಯಿರಿ.”

ಕಾಯಬಹುದಿತ್ತು. ಆದರೆ ನೂಲನ್ನು ಅರ್ಧ ಬಕೀಟಿನಲ್ಲಿ ಒಮ್ಮೆ ಅದ್ದಿ ತೆಗೆದಾಗ ನೀರೆಲ್ಲ ದಟ್ಟ ಹಸಿರಾಗಿ ಚರಂಡಿಗೆ ಹೋಯಿತು. ನನ್ನ ಗುಮಾಸ್ತ ಬುದ್ಧಿ ಎಚ್ಚೆತ್ತಿತು. ಎರಡು ಗಂಟೆ ಕುದಿಸಿ ಹಿಡಿಸಿದ ಬಣ್ಣವನ್ನು ನಾನೇ ಕೈಯಾರೆ ತೊಳೆದು ಕಳೆಯುವುದೇ? ಒಂದೇ ಸಲಕ್ಕೆ ಇಷ್ಟು ಹೋದರೆ ಏಳು ನೀರಿಗೆ ಏನು ಉಳಿದೀತು? ಸಾಬರದು ಹಳೆಯ ಕಾಲದ ಪದ್ಧತಿ ಎಂದು ನಾನೇ ತೀರ್ಪು ಕೊಟ್ಟು ನೂಲನ್ನು ಹಗ್ಗಕ್ಕೆ ಹಾಕಿದೆ. ಒಣಗಿದಾಗ ಅದರ ಬಣ್ಣ ಗಿಳಿಯ ಹಾಗಿತ್ತು.

ಶಾರದ ಒದ್ದೆ ಕೈಯಲ್ಲಿ ಮುಟ್ಟಿ ನೋಡಿದಳು. “ಬೆರಳಿಗೆ ಹತ್ತುತ್ತೆ ಕಣ್ರೀ.”

“ಹೊಸದ್ರಲ್ಲಿ ಹಾಗೇ ಇರುತ್ತೆ” ಎಂದೆ, ನಲವತ್ತು ವರ್ಷದ ಅನುಭವ ಇದ್ದವನ ಹಾಗೆ.

ಗೋಡೆಯಾಚೆಯಿಂದ ಸಾಬರು ಕೇಳಿದರು. “ಏಳು ನೀರಾಯ್ತಾ ನಾಗರಾಜಪ್ಪ?”

“ಆಯ್ತು ಸಾಬ್ರೇ.”

ಇದು ಮೊದಲನೆಯ ಸುಳ್ಳು. ಎರಡನೆಯದನ್ನು ಹೇಳಲು ಬಸ್ ಹತ್ತಿ ಗುಬ್ಬಿಗೆ ಹೋದೆ. ಅಲ್ಲಿ ರಂಗಣ್ಣ ಎಂಬ ನೇಕಾರ ನನ್ನ ಲಡಿಗಳನ್ನು ಬೆಳಕಿಗೆ ಹಿಡಿದು ನೋಡಿದ.

“ನೂಲು ಪರವಾಗಿಲ್ಲ ಸ್ವಾಮಿ. ಬಣ್ಣ ಯಾರ್ದು? ಗುರುತಿಲ್ದೋರ ಬಣ್ಣ ನಾನು ಮಗ್ಗದ್ ಹತ್ರ ಸೇರ್ಸಲ್ಲ.”

ನನ್ನದು ಎನ್ನಬೇಕೆಂದೇ ಬಾಯಿ ತೆರೆದೆ. ಹಾಗೆ ಹೇಳಿದರೆ ನೂಲನ್ನು ವಾಪಸು ಕೊಡುತ್ತಾನೆ, ಮದುವೆಗೆ ಇಪ್ಪತ್ತೇ ದಿನ ಉಳಿದಿದೆ. “ನಮ್ಮ ಪಕ್ಕದ್ಮನೆ ಗಫಾರ್ ಸಾಬ್ರದು” ಎಂದುಬಿಟ್ಟೆ.

“ಹಂಗಾದ್ರೆ ಮಾತೇ ಇಲ್ಲ ಬುಡಿ” ಎಂದು ರಂಗಣ್ಣ ಲಡಿಗಳನ್ನು ಒಳಗಿಟ್ಟ. ಒದ್ದೆ ಮಾಡಿ ಕೂಡ ನೋಡಲಿಲ್ಲ.

ಟವೆಲ್ಲುಗಳು ಬಂದವು. ಬಿಳಿಯ ಮೈಗೆ ಹಸಿರು ಪಟ್ಟಿ, ನೋಡಿದವರೆಲ್ಲ ಹೊಗಳಿದರು. ಮದುವೆಯ ಹಿಂದಿನ ದಿನ ಕುಳಿತು ಇಪ್ಪತ್ತೈದಕ್ಕೂ ಒಂದೊಂದು ಲೇಬಲ್ ಇಟ್ಟು ಗುಂಡುಪಿನ್ ಚುಚ್ಚಿದೆ. ಗಂಡಿನ ಕಡೆಯವರಲ್ಲಿ ನಾಲ್ಕು ಜನ ಗಿರಾಕಿ ಸಿಕ್ಕರೂ ಸಾಕೆಂದು ನನ್ನ ಲೆಕ್ಕಾಚಾರ. ರಂಗಣ್ಣನನ್ನೂ ಮದುವೆಗೆ ಕರೆದೆ. ಗಫಾರ್ ಸಾಬರನ್ನು ನಾವೇ ಜೊತೆಯಲ್ಲಿ ಕರೆದುಕೊಂಡು ಹೋದೆವು. ಇಬ್ಬರೂ ಒಂದೇ ಚಪ್ಪರದಡಿ ಸೇರುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು, ಅದೂ ನನ್ನಲ್ಲಿರಲಿಲ್ಲ.

ಏಪ್ರಿಲ್ ತಿಂಗಳ ಬಿಸಿಲು. ಗಂಡಿನ ಕಡೆಯವರು ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದರು, ಎಲ್ಲರಿಗೂ ಬೆವರು ಧಾರಾಕಾರ. ನಾವು ಪಾನಕ ಕೊಟ್ಟು ಹೆಗಲಿಗೆ ಟವೆಲ್ ಹೊದಿಸಿದೆವು. ಅವರು ಲೇಬಲ್ ಕಿತ್ತು ಜೇಬಿಗೆ ಹಾಕಿಕೊಂಡು ಖುಷಿಯಿಂದ ಮುಖ ಒರೆಸಿಕೊಂಡರು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬೀಗರು, ಅಂದರೆ ಗಂಡಿನ ತಂದೆ. ಅವರದು ಬೆಳ್ಳಗಿನ ಗಿರಿಜಾ ಮೀಸೆ. ಅದರ ಎಡಭಾಗ ಹಸಿರಾಗಿತ್ತು. ನಾನು ನೋಡುತ್ತಿದ್ದಂತೆ ಅವರು ಬಲಭಾಗವನ್ನೂ ಒರೆಸಿಕೊಂಡರು. ಅಕ್ಕಪಕ್ಕ ನೋಡಿದೆ. ಹಸಿರು ಹಣೆ, ಹಸಿರು ಕತ್ತು, ಹೊಸ ಬಿಳಿ ಶರ್ಟುಗಳ ಮೇಲೆ ಹಸಿರು ಪಟ್ಟೆ. ಒಬ್ಬರ ಬೋಳುತಲೆ ಪೂರ್ತಿ ಚಿಗುರಿತ್ತು. ಮಕ್ಕಳು ಬಿದ್ದು ಬಿದ್ದು ನಗತೊಡಗಿದರು. ಮಾವನವರ ಮುಖ ಮಾತ್ರ ಬೆಳ್ಳಗಾಯಿತು.

“ಏನ್ರೀ ಇದು, ಮರ್ಯಾದೆ ಮಾಡ್ತಿದೀರೋ, ವೇಷ ಹಾಕಿಸ್ತಿದೀರೋ?” ಎಂದರು ಬೀಗರು. “ಯಾರ್ರೀ ಇದಕ್ಕೆ ಬಣ್ಣ ಹಾಕಿದೋರು?”

ಮಾವನವರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ರಂಗಣ್ಣ ಮುಂದೆ ಬಂದು ಕೈಮುಗಿದ. “ನೇಯ್ದೋನು ನಾನು ಸ್ವಾಮಿ. ಬಣ್ಣ ನಂದಲ್ಲ. ತುಮಕೂರಿನ ಗಫಾರ್ ಸಾಬ್ರದು ಅಂದ್ರು. ಅಗೋ, ಅವ್ರೇ ಕೂತವ್ರೆ.”

ಗಫಾರ್ ಸಾಬರು ಪಾನಕದ ಲೋಟ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದರು. ಎದ್ದು ಬಂದರು. ಒಂದು ಟವೆಲ್ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು, ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ ಕತ್ತೆತ್ತಿ ನನ್ನನ್ನೇ ನೋಡಿದರು. ಆ ಮಂಜುಗಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ ತಿಳಿಯದು, ಆದರೆ ಕಾಣಬೇಕಾದ್ದು ಕಂಡಿತು.

“ಹೌದು ಸ್ವಾಮಿ” ಎಂದರು ಬೀಗರಿಗೆ. “ವಯಸ್ಸಾಯ್ತು, ಕಣ್ಣು ಕಾಣಲ್ಲ. ತೊಳೆಯೋದ್ರಲ್ಲಿ ತಪ್ಪೋಯ್ತು. ಮದ್ವೆ ಮನೇವ್ರನ್ನ ಏನೂ ಅನ್ಬೇಡಿ.”

ಆಗ ನಾನು ಬಾಯಿ ಬಿಡಬೇಕಿತ್ತು. ಒಂದು ಮಾತು ಸಾಕಿತ್ತು. ಏನು ಮಾಡಿದೆ ಎಂದರೆ, ಮೇಲೆ ಕಟ್ಟಿದ್ದ ಮಾವಿನ ತೋರಣ ನೆಟ್ಟಗಿದೆಯೇ ಎಂದು ನೋಡಿದೆ. ಇಂದು ಕೂಡ ಮಾವಿನ ತೋರಣ ಕಂಡರೆ ನನಗೆ ನಾಚಿಕೆಯಾಗುತ್ತದೆ.

ಸಾಬರು ಟವೆಲ್ಲುಗಳನ್ನೆಲ್ಲ ಹೊರೆ ಮಾಡಿಕೊಂಡು ಛತ್ರದ ಹಿಂದಿನ ನೀರಿನ ತೊಟ್ಟಿಗೆ ನಡೆದರು. ನಾನು ಪಂಚೆ ಮೇಲೆ ಕಟ್ಟಿ ಹಿಂದೆಯೇ ಓಡಿದೆ. ಇಬ್ಬರೂ ತೊಳೆಯಲು ಕೂತೆವು. ನಾದಿನಿಯ ತಾಳಿ ಕಟ್ಟುವ ಹೊತ್ತಿನ ಗಟ್ಟಿಮೇಳ ನನಗೆ ಕೇಳಿಸಿದ್ದು ಆ ತೊಟ್ಟಿಯ ಪಕ್ಕದಿಂದ.

“ಏಳು ನೀರು ಅಂದಿದ್ದೆ” ಎಂದರು ಸಾಬರು, ತೊಳೆಯುತ್ತಲೇ. “ನೀವು ಎಷ್ಟು ಹಾಕಿದ್ರಿ?”

“ಒಂದು.”

ಅವರು ತೊಳೆಯುವುದು ನಿಲ್ಲಿಸಿ ನನ್ನತ್ತ ನೋಡಿದರು.

“ಅರ್ಧ” ಎಂದೆ.

ಅವರು ಮುಂದಿನ ಟವೆಲ್ ಎತ್ತಿಕೊಂಡರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಶಾರದ ಬಂದಳು. ಕೈಯಲ್ಲಿ ಅಕ್ಷತೆ ಇತ್ತು, ಮುಖದಲ್ಲಿ ಮದುವೆಯ ಕಳೆ ಇರಲಿಲ್ಲ.

“ನೀವು ಹೋಗಿ ಹೇಳ್ತೀರೋ, ನಾನು ಹೇಳ್ಲೋ?”

“ಊಟ ಆಗ್ಲಿ ಅಂತ...”

“ಸಾಬ್ರು ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರ್ಬೇಕು, ಹೇಳಿ.”

ಹೋದೆ. ಮೊದಲ ಪಂಕ್ತಿಯಲ್ಲಿ ಆಗಲೇ ಪಾಯಸ ಬಂದಿತ್ತು. ಬೀಗರು ಮೀಸೆಯನ್ನು ಸೋಪು ಹಾಕಿ ತೊಳೆದಿದ್ದರು, ಅದೀಗ ಎಳೆಯ ಬಾಳೆಸುಳಿಯ ಬಣ್ಣಕ್ಕೆ ಬಂದಿತ್ತು. ನಾನು ಅವರ ಎಲೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ದಾರಿಯಲ್ಲಿ ಒಂದು ಭಾಷಣವನ್ನೇ ಸಿದ್ಧಪಡಿಸಿಕೊಂಡಿದ್ದೆ. ಆತ್ಮಸಾಕ್ಷಿ, ಸತ್ಯ, ನಿರಪರಾಧಿ ಎಂಬ ಶಬ್ದಗಳೆಲ್ಲ ಅದರಲ್ಲಿದ್ದವು.

“ಯಜಮಾನ್ರೇ, ಎಲ್ಲರ ಎದುರಿಗೂ ಒಂದು ಸತ್ಯ ಹೇಳ್ಬೇಕು. ಆ ಬಣ್ಣ ಹಾಕಿದ್ದು ಗಫಾರ್ ಸಾಬ್ರಲ್ಲ...”

ಬೀಗರು ಎಡಗೈಯಿಂದ ಜೇಬಿನಲ್ಲಿದ್ದ ಚೀಟಿ ತೆಗೆದು ಎಲೆಯ ಪಕ್ಕದಲ್ಲಿಟ್ಟರು. ಅವರ ಪಕ್ಕದವರೂ ತೆಗೆದರು. ಅವರ ಪಕ್ಕದವರೂ.

“ಓದಿ” ಎಂದರು ಬೀಗರು.

ಓದಬೇಕಾದ ಅಗತ್ಯ ನನಗಿರಲಿಲ್ಲ.

“ಆಗಲೇ ಓದಿದೀವಿ ಸ್ವಾಮಿ. ಪಾಪ, ಆ ಮುದುಕಪ್ಪ ನಂದೇ ತಪ್ಪು ಅಂತ ಕೈಮುಗಿಯೋವಾಗ ಎಲ್ರ ಜೇಬಲ್ಲೂ ನಿಮ್ಮ ಹೆಸ್ರಿತ್ತು. ಈಗ ಬಾಯಿ ಬಿಡ್ತೀರಾ, ಆಗ ಬಿಡ್ತೀರಾ ಅಂತ ನೋಡ್ತಾ ಇದ್ವಿ. ಪಾಯ್ಸದವರೆಗೂ ಬಂತು.”

ನಾನು ಲೇಬಲ್ ಚುಚ್ಚಿದ್ದನ್ನು ನಾನೇ ಮರೆತಿದ್ದೆ! ಇಪ್ಪತ್ತೈದು ಜನ ಸಾಕ್ಷಿಗಳ ಕೈಗೆ ನಾನೇ ಅಚ್ಚು ಹಾಕಿಸಿದ ಸಾಕ್ಷ್ಯ ಕೊಟ್ಟು, ಅವರ ಎದುರಿಗೇ ನಿಂತು ತೋರಣ ನೋಡಿದ್ದೆ.

ಬೀಗರು ಊಟ ಮುಗಿಸಿ ಎದ್ದರು. ಎರಡನೆಯ ಪಂಕ್ತಿಗೆ ತಾವೇ ಹೋಗಿ ಗಫಾರ್ ಸಾಬರನ್ನು ಕರೆತಂದು ಕೂರಿಸಿದರು. ರಂಗಣ್ಣ ಅವರ ಪಕ್ಕದಲ್ಲಿ ಕುಳಿತು, “ತಪ್ಪು ತಿಳ್ಕಬೇಡಿ ಸಾಬ್ರೇ, ಕೇಳಿದ್ದನ್ನ ಹೇಳ್ದೆ” ಎಂದು ಹತ್ತು ಸಲ ಹೇಳಿದ. ನಾನು ಬಡಿಸಲು ನಿಂತೆ. ನನ್ನ ಕೈ ಮತ್ತೆ ಮೊಳಕೈವರೆಗೆ ಹಸಿರಾಗಿದ್ದರಿಂದ ಹಪ್ಪಳ ಹಾಕಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. ಮಾವನವರು ಒಂದು ಕೊಡ ಕೊಟ್ಟು ನೀರು ಬಡಿಸು ಎಂದರು. ಏಳು ಸಾಲಿಗೂ ಬಡಿಸಿದೆ.

ಸಂಜೆ ಬಸ್ಸಿನಲ್ಲಿ ಸಾಬರ ಪಕ್ಕದಲ್ಲಿ ಕುಳಿತಿದ್ದೆ. ಹೆಬ್ಬೂರಿನಲ್ಲಿ ಬಸ್ ನಿಂತಾಗ ಧೈರ್ಯ ಮಾಡಿ, “ಸಾಬ್ರೇ, ನನ್ನದು ತಪ್ಪಾಯ್ತು” ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಏನೋ ನೆನಪಾದಂತೆ ಜೇಬಿನಿಂದ ಒಂದು ಮುದುಡಿದ ಚೀಟಿ ತೆಗೆದರು. ಯಾರೋ ಕೀಳಲು ಮರೆತ ಲೇಬಲ್ಲು, ಟವೆಲ್ಲಿನ ಜೊತೆ ತೊಟ್ಟಿಗೆ ಬಂದಿತ್ತು. ಅವರಿಗೆ ಉರ್ದು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ.

“ತೊಳೆಯೋವಾಗ ಸಿಕ್ತು. ಏನು ಬರ್ದೈತೆ, ಒಸಿ ಓದಿ.”

ಓದಿದೆ. ‘ನೂತವರು ಮತ್ತು ಬಣ್ಣ ಹಾಕಿದವರು’ ಎಂಬಲ್ಲಿಂದ ‘ಪಕ್ಕಾ ಬಣ್ಣ’ದವರೆಗೆ ಒಂದಕ್ಷರ ಬಿಡದೆ ಓದಿದೆ. ಅಷ್ಟು ದೀರ್ಘವಾದ ಬರಹವನ್ನು ನಾನು ಕಚೇರಿಯಲ್ಲೂ ಓದಿಲ್ಲ.

ಸಾಬರು ಚೀಟಿಯನ್ನು ವಾಪಸು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. ನನ್ನ ಹೆಸರು ಯಾವುದೆಂದು ಕೇಳಿ ತಿಳಿದು, ಹೆಬ್ಬೆರಳಿಗೆ ಎಂಜಲು ಹಚ್ಚಿ ಅದರ ಮೇಲೆ ಚೆನ್ನಾಗಿ ಉಜ್ಜಿದರು. ಬೆರಳು ನೋಡಿಕೊಂಡರು. ಸ್ವಚ್ಛವಾಗಿತ್ತು.

“ಏಳು ನೀರಾದ್ರೂ ಹೋಗಿಲ್ಲ ನೋಡಿ” ಎಂದು ಅದನ್ನು ನನ್ನ ಜೇಬಿಗೆ ಹಾಕಿದರು. “ಇದು ಪಕ್ಕಾ.”

ಉಳಿದ ನಾನೂರ ಎಪ್ಪತ್ತೈದು ಲೇಬಲ್ಲುಗಳು ಇನ್ನೂ ಮನೆಯಲ್ಲಿವೆ. ಶಾರದ ಹಾಲಿನ ಲೆಕ್ಕ ಬರೆಯಲು ಅವುಗಳ ಹಿಂಭಾಗ ಬಳಸುತ್ತಾಳೆ. ಮುಂಭಾಗ ಕಾಣದಂತೆ ಮಗುಚಿಡು ಎಂದು ನಾನು ದಿನಾ ಕೇಳಿಕೊಳ್ಳುತ್ತೇನೆ.