ಧರ್ಮಲಿಂಗಂ ಮನೆಗೆ ಬಂದ ಲಾರಿ

"ಇಪ್ಪತ್ತೆರಡು ವರ್ಷ ಟೀ ಫ್ಯಾಕ್ಟರಿಯಲ್ಲಿ ಡ್ರೈಯರ್ ಓಡಿಸಿದ ಕೈ ಇದು! ಅಂಗೈಯಗಲದ ಒಂದು ರಿಮೋಟಿಗೆ ಹೆದರ್ತದಾ?"

ಹೀಗೆ ಘೋಷಿಸಿ ಧರ್ಮಲಿಂಗಂ ಹೋಂ ಥಿಯೇಟರಿನ ಪೆಟ್ಟಿಗೆ ಬಿಚ್ಚಲು ಕೂತಾಗ 2003ರ ಒಂದು ಶನಿವಾರ, ಬೆಳಗ್ಗೆ ಹತ್ತು ಗಂಟೆ. ಊಟಿ ಬಳಿಯ ಕೆತ್ತಿ ಕಣಿವೆಯ ಮೇಲಿನ ಆ ಹಟ್ಟಿಗೆ ಅಂಥ ಪೆಟ್ಟಿಗೆ ಬಂದದ್ದು ಅದೇ ಮೊದಲು. ಒಂದು ರಿಸೀವರು, ಐದು ಸ್ಪೀಕರು, ಅಕ್ಕಿ ಡಬ್ಬದಷ್ಟು ದಪ್ಪದ ಒಂದು ಊಫರು.

"ನಾಳೆ ಚಂದ್ರನ್ ಬರ್ತಾನಲ್ಲ, ಅವನೇ ಜೋಡಿಸಲಿ," ಎಂದಳು ಹೆಂಡತಿ ಮಾದಿ.

ಚಂದ್ರನ್ ಅವಳ ತಮ್ಮ. ಊಟಿಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟವನು. ಈ ಮನೆಯಲ್ಲಿ ಮಿಕ್ಸಿ ಕೆಡಲಿ, ಇಸ್ತ್ರಿಪೆಟ್ಟಿಗೆ ಕೆಡಲಿ, ಧರ್ಮಲಿಂಗಂ ಎರಡು ದಿನ ಒದ್ದಾಡಿದ್ದನ್ನು ಅವನು ಬಂದು ಎರಡು ನಿಮಿಷದಲ್ಲಿ ಸರಿಮಾಡಿ, "ಅಷ್ಟೇ ಬಾವ" ಎಂದು ಟೀ ಕುಡಿದು ಹೋಗುತ್ತಿದ್ದ. ಆ "ಅಷ್ಟೇ ಬಾವ" ಕೇಳಿ ಕೇಳಿ ಧರ್ಮಲಿಂಗಂಗೆ ಮೈಯೆಲ್ಲ ಉರಿಯುತ್ತಿತ್ತು.

"ಸಂಜೆ ಆರರೊಳಗೆ ನಾನೇ ಹಾಡಿಸ್ತೀನಿ. ನಿನ್ನ ತಮ್ಮ ಇದಕ್ಕೆ ಕೈ ಹಾಕೋ ಹಾಗೇನಾದ್ರೂ ಆದ್ರೆ, ಈ ಮನೆ ರಿಮೋಟು ಸಾಯೋತನಕ ನಿನ್ನದು!"

"ಆಡಿದ ಮಾತು ನೆನಪಿರಲಿ," ಎಂದು ಮಾದಿ ಒಳಗೆ ಹೋದಳು.

ಜೊತೆಗೆ ಬಂದ ಪುಸ್ತಕ ಆರು ಭಾಷೆಯಲ್ಲಿತ್ತು, ಆರೂ ಧರ್ಮಲಿಂಗಂಗೆ ಬಾರದವು. ಅವನು ಚಿತ್ರ ನೋಡಿದ. ಕುರ್ಚಿಯಲ್ಲಿ ಒಬ್ಬ ಮನುಷ್ಯ, ಮುಂದೆ ಟಿ.ವಿ., ಬೆನ್ನ ಹಿಂದೆ ಎರಡು ಸ್ಪೀಕರು. ಸರಿ! ಆದರೆ ಹಟ್ಟಿಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಸಿಕೊಂಡು ಸಾಲಾಗಿ ನಿಂತವು, ಕೋಣೆ ಎಂಟು ಹೆಜ್ಜೆಗೆ ಮುಗಿಯುತ್ತದೆ. ಅವನ ಕುರ್ಚಿಯ ಹಿಂದೆ ಇದ್ದದ್ದು ಬೀದಿಬಾಗಿಲು. ಧರ್ಮಲಿಂಗಂ ಹಿಂದೆಮುಂದೆ ನೋಡಲಿಲ್ಲ. ಎರಡು ಸ್ಪೀಕರನ್ನೂ ಹೊರಗೆ ಜಗಲಿಯ ಕಂಬಕ್ಕೆ, ಅಂಗಳದ ಕಡೆ ಮುಖ ಮಾಡಿ ಬಿಗಿದು ಕಟ್ಟಿದ.

ಆಮೇಲೆ ರಿಮೋಟು. ಒಂದು ಗುಂಡಿ ಒತ್ತಿದರೆ ಪರದೆ ನೀಲಿಯಾಯಿತು. ಇನ್ನೊಂದು ಒತ್ತಿದರೆ ಅಕ್ಷರವೆಲ್ಲ ಚೀನೀ ಆಯಿತು. ಅದನ್ನು ಸರಿಮಾಡಲು ಮತ್ತೊಂದು ಒತ್ತಿದರೆ, ವಾರ್ತೆ ಓದುತ್ತಿದ್ದ ಹೆಣ್ಣುಮಗಳ ಮುಖ ಅಡ್ಡಡ್ಡ ಲಟ್ಟಿಸಿದ ಚಪಾತಿಯಾಯಿತು. ಕಣ್ಣು ಮುಚ್ಚಿ ನಾಲ್ಕನೆಯದನ್ನು ಒತ್ತಿದ.

"ಸ್ಸ್‌ಸ್ಸ್‌ಸ್ಸ್..."

ಮಾದಿ ಅಡುಗೆಮನೆಯಿಂದ ಓಡಿಬಂದಳು. "ಗ್ಯಾಸು ಸೋರ್ತಿದೆ! ಬೀಡಿ ಹಚ್ಚಬೇಡಿ!" ಅಷ್ಟರಲ್ಲಿ ಸದ್ದು ಇನ್ನೊಂದು ಮೂಲೆಗೆ ಹೋಯಿತು, ಅಲ್ಲಿಂದ ಜಗಲಿಗೆ. "ಅಯ್ಯೋ, ಹಾವಾ?"

"ಟೆಸ್ಟು ಕಣೇ! ಸ್ಪೀಕರುಗಳು ಒಂದೊಂದಾಗಿ ಪರೀಕ್ಷೆ ಬರೀತಿವೆ."

"ಅವು ಪಾಸಾಗ್ತವೆ ಬಿಡಿ. ನಿಮ್ಮದೇ ಚಿಂತೆ," ಎಂದಳು ಮಾದಿ.

ಪೆಟ್ಟಿಗೆಯಲ್ಲೇ ಬಂದ ಮಾದರಿ ಡಿಸ್ಕು ಹಾಕಿದ. ಚಿತ್ರ ಬಂತು, ಸದ್ದಿಲ್ಲ. ವಾಲ್ಯೂಮು ಇಪ್ಪತ್ತಕ್ಕೇರಿಸಿದ, ಇಲ್ಲ. ನಲವತ್ತು, ಇಲ್ಲ. ಅರವತ್ತು! ಆಗ ಕಣ್ಣಿಗೆ ಬಿತ್ತು, ಪರದೆಯ ಮೂಲೆಯಲ್ಲಿ ಗೀಟು ಹೊಡೆದ ಒಂದು ಪುಟ್ಟ ಸ್ಪೀಕರಿನ ಚಿತ್ರ. ರಿಮೋಟಿನಲ್ಲಿ ಅದೇ ಗುರುತಿನ ಗುಂಡಿ ಹುಡುಕಿ ಒತ್ತಿದ.

ಪರದೆಯಲ್ಲಿ ಒಂದು ಲಾರಿ ಎಡಗಡೆಯಿಂದ ನುಗ್ಗಿತು, ಅವನ ಬೆನ್ನ ಹಿಂದೆ ಸುತ್ತು ಹಾಕಿತು, ಜಗಲಿಯ ಮೇಲೆ ನಿಂತು ಹಾರನ್ ಹೊಡೆಯಿತು. ಬಾಂ! ಬಾಂ! ಬಾಂ!

ಆ ಹಟ್ಟಿಯಲ್ಲಿ ಎಲ್ಲರಿಗೂ ಅಂಗೈಯಷ್ಟು ಟೀ ತೋಟವಿದೆ. ಕಿತ್ತ ಎಲೆಯನ್ನು ಒಯ್ಯಲು ಫ್ಯಾಕ್ಟರಿ ಲಾರಿ ಮೂರು ಗಂಟೆಗೆ ಕೆಳಗಿನ ತಿರುವಿಗೆ ಬಂದು ಮೂರು ಸಲ ಹಾರನ್ ಹೊಡೆಯುತ್ತದೆ, ಯಾರೂ ಬಾರದಿದ್ದರೆ ಇನ್ನು ಮೂರು ಸಲ. ಗಡಿಯಾರ ಯಾರೂ ನೋಡುವುದಿಲ್ಲ, ಹಾರನ್ನೇ ವೇದವಾಕ್ಯ. ಲಾರಿ ತಪ್ಪಿತೋ, ಚೀಲದಲ್ಲೇ ಎಲೆ ಬೆಂದು ಕಪ್ಪಾಗುತ್ತದೆ. ಮರುದಿನ ಫ್ಯಾಕ್ಟರಿಯವರು ಅದನ್ನು ಮೂಸಿಯೂ ನೋಡುವುದಿಲ್ಲ.

ಹೆಂಗಸರು ತೋಟದಿಂದ ಬಿದ್ದಂಬೀಳ ಓಡಿದರು. ಮಾದಿಯೂ ತನ್ನ ಚೀಲ ಹೊತ್ತು ಓಡಿದಳು. ಹದಿನಾರು ಚೀಲ ತಿರುವಿನಲ್ಲಿ ಸಾಲಾಗಿ ನಿಂತ ಮೇಲೆ, ಗಂಟೆ ಇನ್ನೂ ಒಂದೂವರೆ ಎಂದು ಗೊತ್ತಾಯಿತು. ಲಾರಿಯ ಸುಳಿವಿಲ್ಲ. ಅಷ್ಟರಲ್ಲಿ ಗುಡ್ಡದ ಮೇಲಿಂದ ಮತ್ತೆ ಬಾಂ! ಹದಿನಾರು ತಲೆಗಳು ಒಟ್ಟಿಗೆ ಮೇಲೆ ತಿರುಗಿದವು.

"ಏನಪ್ಪಾ, ಲಾರೀನೇ ಮನೆಯೊಳಗೆ ತಂದು ಕಟ್ಟಿದ್ಯಾ?" ಎಂದು ಊರಗೌಡ ಭೀಮ ಬಂದು ಕೇಳಿದರು.

ಧರ್ಮಲಿಂಗಂಗೆ ಒಳಗೊಳಗೇ ಖುಷಿ. "ಹಂಗೇ ಕೇಳಿಸ್ತದಲ್ವಾ ಗೌಡ್ರೇ?"

ಎಲ್ಲರೂ ಬೈಯುತ್ತಾ ಚೀಲ ಹೊತ್ತು ವಾಪಸು ಬಂದರು. ಧರ್ಮಲಿಂಗಂ ಚಪಾತಿ ಮುಖವನ್ನು ಗುಂಡಗೆ ಮಾಡಲು ಮತ್ತೆ ಕೂತ.

ಮೂರು ಗಂಟೆಗೆ ಹಾರನ್ ಕೇಳಿಸಿತು. ಮನೆಸಾಲಿನಲ್ಲಿ ಒಬ್ಬರೂ ಏಳಲಿಲ್ಲ. "ಮತ್ತೆ ಶುರು ಹಚ್ಚಿಕೊಂಡ ನೋಡು!" ಎಂದು ಪಕ್ಕದ ಮನೆಯ ಪೊನ್ನಮ್ಮ ಗೋಡೆ ಗುದ್ದಿದಳು.

"ನಿಲ್ಲಿಸಿ ಅದನ್ನ!" ಎಂದು ಮಾದಿ ಕಿರುಚಿದಳು.

ಧರ್ಮಲಿಂಗಂ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಬಾಂ! ಗೋಡೆಯ ಸ್ವಿಚ್ಚು ಆರಿಸಿದ. ಬಾಂ! ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದ. ಬಾಂ! ಅವನ ಕಣ್ಣಲ್ಲಿ ನೀರೇ ಬಂತು. "ಮಾದೀ, ನೋಡ್ದ್ಯಾ! ಕರೆಂಟೇ ಇಲ್ದೆ ಹೊಡೀತದೆ! ಏನು ತಲೆ ಇಟ್ಟಿದಾರೆ ಇದನ್ನ ಮಾಡ್ದೋರು!"

ಮಾದಿ ಪ್ಲಗ್ಗು ನೋಡಿದಳು. ಆಮೇಲೆ ಬಾಗಿಲಾಚೆ ನೋಡಿದಳು. ಕೆಳಗಿನ ತಿರುವಿನಲ್ಲಿ ಲಾರಿ ಹೊಗೆ ಬಿಟ್ಟುಕೊಂಡು ಮುಂದಿನ ಹಟ್ಟಿಗೆ ಹೊರಟಿತ್ತು.

"ಅಯ್ಯಯ್ಯೋ, ಎಲೆ!"

ಧರ್ಮಲಿಂಗಂ ಪ್ಲಗ್ಗು ಬಿಸಾಡಿ ಓಡಿದ. ಡ್ರೈವರು ತಿರುಗಿ ನೋಡಲಿಲ್ಲ. ಏದುಸಿರು ಬಿಡುತ್ತಾ ಮೇಲೆ ಬಂದರೆ ಹದಿನಾರು ಜಗಲಿಯಲ್ಲಿ ಹದಿನಾರು ಚೀಲ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಭಾನುವಾರ ಚಂದ್ರನ್ ಬಂದ. ಸ್ಪೀಕರುಗಳನ್ನು ಒಳಗೆ ತಂದ, ಚೀನೀ ಅಳಿಸಿದ, ಚಪಾತಿ ಮುಖ ಗುಂಡಗಾಯಿತು. "ಅಷ್ಟೇ ಬಾವ."

ಅದೇ ಹೊತ್ತಿಗೆ ಹೊರಗೆ ಊರ ಕೂಟ ಸೇರಿತ್ತು. ಗೌಡರು ಧರ್ಮಲಿಂಗಂನನ್ನು ಕರೆಸಿ ತೀರ್ಪು ಹೇಳಿದರು: "ಇನ್ಮೇಲೆ ನಮ್ಮೂರಲ್ಲಿ ಹಾರನ್ನ ಯಾರೂ ನಂಬಲ್ಲ. ಲಾರಿ ಬಂದಾಗ ನೀನೇ ಕಣ್ಣಾರೆ ನೋಡಿ, ಸಾಲುಸಾಲಿಗೂ ಬಂದು ಕೂಗಬೇಕು. ಈ ಮಳೆಗಾಲ ಮುಗಿಯೋತನಕ."

ಸೋಮವಾರ ಮೂರು ಗಂಟೆ. ಧರ್ಮಲಿಂಗಂ ತಿರುವಿನಿಂದ ಗುಡ್ಡ ಹತ್ತುತ್ತಾ ಬಂದ. "ಲಾರಿ ಬಂತೂ... ಎಲೆ ತನ್ನೀ..."

ಜಗಲಿಯಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ ಮಾದಿ ತಲೆಯೆತ್ತಿದಳು. ಸೊಂಟಕ್ಕೆ ಸಿಕ್ಕಿಸಿದ್ದ ರಿಮೋಟನ್ನು ಹೊರತೆಗೆದು ನೆಟ್ಟಗೆ ಗಂಡನ ಕಡೆ ಹಿಡಿದಳು.

"ಮೇಲಿನ ಸಾಲಿಗೆ ಕೇಳಿಸ್ತಿಲ್ವಂತೆ," ಎಂದು ಗುಂಡಿ ಒತ್ತಿದಳು. "ಸ್ವಲ್ಪ ಜೋರಾಗಿ!"