ಕಿವಿಗೆ ಬೀಳಬಾರದ ಸುದ್ದಿ

ಕೇಳದಿದ್ದರೆ ತಗಲುವುದಿಲ್ಲ, ಅದು ಸರಿ. ಆದರೆ ಏನೆಂದು ಊಹಿಸಿಕೊಂಡು, ಬೇಕೆಂದೇ ಕೇಳದೆ ಕೂತರೆ? ಅದು ಕೇಳಿದ ಹಾಗೋ, ಕೇಳದ ಹಾಗೋ?

ನಗರಕೋಟ್ ಬೆಟ್ಟ ಹತ್ತುತ್ತಿದ್ದ ವ್ಯಾನಿನ ಮುಂದಿನ ಸೀಟಿನಲ್ಲಿ ಪುಷ್ಕರ ಖತಿವಡಾ ಇದನ್ನೇ ಯೋಚಿಸುತ್ತಿದ್ದ. ಕೈಯಲ್ಲಿದ್ದ ಫೋನು ಬೋನಿಗೆ ಬಿದ್ದ ಇಲಿಯಂತೆ ನಡುಗುತ್ತಿತ್ತು. ಕರೆಯುತ್ತಿದ್ದವನು ಹೋಮನಾಥ, ದೊಡ್ಡಪ್ಪನ ಮಗ. ಸೂರ್ಯ ಹುಟ್ಟುವ ಮೊದಲೇ ಅದು ಅವನ ನಾಲ್ಕನೆಯ ಕರೆ.

ಟೀಕಾರಾಮ ದೊಡ್ಡಪ್ಪ ಶ್ರಾವಣದಲ್ಲಿ ಹಾಸಿಗೆ ಹಿಡಿದವರು. ಕಳೆದ ವಾರ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ತಲೆದಿಂಬಿನ ಪಕ್ಕದಲ್ಲಿ ಗಂಗೆಯ ಶೀಶೆ, ತುಳಸಿಯ ದಳ ಎರಡೂ ಸಿದ್ಧವಾಗಿದ್ದವು. ಹೋಮನಾಥ ಒಂಬತ್ತು ಗಂಟೆಗೆ ಮೊದಲು ಹಾಸಿಗೆ ಬಿಟ್ಟದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಂಥವನು ಬೆಳಗಿನ ಜಾವದಲ್ಲಿ ಫೋನು ಮಾಡುತ್ತಾನೆಂದರೆ ಕಾರಣ ಒಂದೇ ಇರಲು ಸಾಧ್ಯ.

ದಾಯಾದಿ ಸತ್ತರೆ ಹದಿಮೂರು ದಿನ ಸೂತಕ. ದೇವಸ್ಥಾನದ ಹೊಸಿಲು ತುಳಿಯುವಂತಿಲ್ಲ. ಆದರೆ ಶಾಸ್ತ್ರದಲ್ಲಿ ಒಂದು ದಯೆಯಿದೆ: ದೂರ ಇರುವವನಿಗೆ ಸೂತಕ ಶುರುವಾಗುವುದು ಸುದ್ದಿ ಮುಟ್ಟಿದ ಗಳಿಗೆಯಿಂದ. ಸಾವು ಕಿವಿಯ ಮೂಲಕವೇ ಒಳಗೆ ಬರಬೇಕು. ಪುಷ್ಕರ ತನ್ನ ಎರಡು ಕಿವಿಗಳನ್ನು ನೆನೆದುಕೊಂಡ. ಎಷ್ಟು ದೊಡ್ಡದಾಗಿ, ಎಷ್ಟು ತೆರೆದುಕೊಂಡು ಕೂತಿವೆ ಎನಿಸಿತು.

ಇದನ್ನೆಲ್ಲ ತಾನು ನಂಬುತ್ತೇನೆಯೇ ಎಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ತ್ರಿಭುವನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ನಂಬುವುದಿಲ್ಲ ಎಂದು ಸ್ನೇಹಿತರೊಡನೆ ವಾದಿಸಿದ್ದ. ಆದರೆ ಇವತ್ತು ಹೋಗಬೇಕಾದದ್ದು ಚಾಂಗುನಾರಾಯಣನ ದೇವಸ್ಥಾನಕ್ಕೆ; ಅವನು ಪುಷ್ಕರನ ಹುಟ್ಟೂರು ಚಾಂಗುವಿನ ದೇವರು. ಅಲ್ಲಿಯ ಪೂಜಾರಿಗೆ ಅವನು ಯಾರ ಮೊಮ್ಮಗ ಎಂಬುದು ಗೊತ್ತು. ಸೂತಕ ಹೊತ್ತು ಒಳಗೆ ಹೋದನೆಂದು ತಿಳಿದರೆ ಆತ ಇಡೀ ಅಂಗಳ ತೊಳೆಸಿ, ಅದರ ಕಾರಣವನ್ನು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಿದ್ದ.

ಅದಲ್ಲದೆ ಇವತ್ತು ಇಂಥ ದಿನ. ಹಿಂದಿನ ಸೀಟುಗಳಲ್ಲಿ ಹಾಲೆಂಡಿನ ಏಳು ಮಂದಿ ಮುದುಕರು ಕೂತಿದ್ದರು. ಪ್ರವಾಸ ಕಂಪನಿಯ ಒಡತಿ ಸಬೀನಾ ಮೇಡಂ ನಿನ್ನೆ ಕರೆದು ಹೇಳಿದ್ದರು: ಇವತ್ತು ಬೆಟ್ಟ, ದೇವಸ್ಥಾನ ಎರಡೂ ತೋರಿಸಿ, ಅವರಿಗೆ ಹಿಡಿಸಿದರೆ ನಾಡಿದ್ದಿನಿಂದ ಹನ್ನೆರಡು ದಿನದ ದೇವಸ್ಥಾನಗಳ ಪ್ರವಾಸಕ್ಕೂ ನೀವೇ, ಹಿಡಿಸದಿದ್ದರೆ ಬೇರೆಯವರಿದ್ದಾರೆ. ಮಳೆಗಾಲವಿಡೀ ಪುಷ್ಕರನಿಗೆ ಮಾರ್ಗದರ್ಶಿಯ ಕೆಲಸವಿರಲಿಲ್ಲ. ದೀಪಾವಳಿಯೊಳಗೆ ಏನೂ ಆಗದಿದ್ದರೆ ಬನೇಪಾದಲ್ಲಿರುವ ಭಾವಮೈದುನನ ಕಬ್ಬಿಣ-ಸಿಮೆಂಟಿನ ಅಂಗಡಿಯಲ್ಲಿ ಕೂರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಮಲ್ಲ ದೊರೆಗಳ ವಂಶಾವಳಿ ಬಾಯಿಪಾಠವಾಗಿದ್ದ ನಾಲಿಗೆಯಲ್ಲಿ ಇನ್ನು ಕಂಬಿಗಳ ದಪ್ಪ ಹೇಳಬೇಕು.

ಫೋನು ಐದನೆಯ ಸಲ ನಡುಗಿತು. ಪುಷ್ಕರ ಅದನ್ನು ಡ್ರೈವರ್ ಗೋರೆ ತಾಮಾಂಗನ ಕಡೆ ಚಾಚಿದ. ಗೋರೆ ಬುದ್ಧನ ಒಕ್ಕಲು. ಬ್ರಾಹ್ಮಣರ ಸೂತಕ ಅವನ ಕಿವಿಯಲ್ಲಿ ಎಷ್ಟು ಹೊತ್ತು ಕೂತರೂ ಏನೂ ಆಗುವುದಿಲ್ಲ.

"ನಾನು ಸಿಗಲ್ಲ ಅಂತ ಹೇಳು. ಅವನೇನು ಹೇಳಿದ್ರೂ ನನಗೆ ಹೇಳ್ಬೇಡ."

ಗೋರೆ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನು ಹಿಡಿದು ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು. ಮೂರು ತಿರುವು ದಾಟುವವರೆಗೂ ಹೂಂಗುಟ್ಟಿ, ಫೋನು ವಾಪಸು ಕೊಟ್ಟು, ಬಾಯಿ ತೆರೆದ.

"ಅಣ್ಣ, ಅದೇನಂದ್ರೆ..."

"ಬೇಡ ಅಂದೆನಲ್ಲ."

"ಅಲ್ಲ, ನೀವು ಅಂದ್ಕೊಂಡಿರೋದು..."

"ಗೋರೆ, ನಿನ್ನ ತಾಯಾಣೆ. ಈ ಪ್ರವಾಸ ಎಲ್ಲ ಮುಗಿಯೋವರೆಗೆ ಒಂದಕ್ಷರ ಬಾಯಿಂದ ಬರಕೂಡದು."

ಗೋರೆ ಭುಜ ಕುಣಿಸಿ ಆಣೆಗೆ ಒಪ್ಪಿಕೊಂಡ. ಆದರೆ ಆಮೇಲೆ ತಿರುವು ತಿರುವಿಗೂ ಒಬ್ಬನೇ ನಗುತ್ತಿದ್ದ. ಎಂಥ ಕಲ್ಲೆದೆಯವನು ಎಂದುಕೊಂಡು ಪುಷ್ಕರ ಫೋನನ್ನು ಪೂರ್ತಿ ಆರಿಸಿ ಚೀಲದ ತಳಕ್ಕೆ ತುರುಕಿದ. ದೊಡ್ಡಪ್ಪನ ಮುಖ ಕಣ್ಣಮುಂದೆ ಬಂತು. ಅಳಲೂ ಬಾರದು. ಅತ್ತರೆ ಸುದ್ದಿ ಗೊತ್ತಿದ್ದಂತಾಯಿತಲ್ಲ.

ನಗರಕೋಟ್‌ನಲ್ಲಿ ಹಿಮಾಲಯ ರಜೆ ಹಾಕಿತ್ತು. ಬೆಟ್ಟ ನೋಡಲೆಂದು ಕಟ್ಟಿದ ಗೋಪುರದ ತುದಿಯಲ್ಲಿ ನಿಂತ ಏಳು ಮಂದಿಯ ಎದುರು ಒಗೆದು ಹಾಕಿದ ಹಾಸಿಗೆ ಬಟ್ಟೆಯಂತೆ ಮೋಡ ಹರಡಿಕೊಂಡಿತ್ತು. ಪುಷ್ಕರ ಎದೆಗುಂದಲಿಲ್ಲ. ಆ ಬಿಳುಪಿನ ಹಿಂದೆ ಲಾಂಗ್ಟಾಂಗ್, ಈ ಬಿಳುಪಿನ ಹಿಂದೆ ದೋರ್ಜೆ ಲಾಕ್ಪಾ, ಅಗೋ ಆ ಮಸುಕಾದ ಬಿಳುಪಿನ ಹಿಂದೆ ಜಗತ್ತಿಗೇ ಎತ್ತರದ ಸಗರಮಾಥಾ ಎಂದು ಬೆರಳು ತೋರಿಸಿದ. ಲಿಸೆಟ್ ಎಂಬ ಎತ್ತರದ ಮುದುಕಿ, ಬೆರಳು ತೋರಿಸಿದ ಕಡೆಯೆಲ್ಲ ಸಾವಧಾನವಾಗಿ ಮೋಡದ ಫೋಟೋ ತೆಗೆದುಕೊಂಡಳು.

ಆಗ ಕೆಳಗಿನ ಚಹಾ ಅಂಗಡಿಯಿಂದ ಬಳೆಯಂಥ ಸೆಲ್ ರೊಟ್ಟಿ ಕರಿಯುವ ಜಾಲರಿ ಹಿಡಿದುಕೊಂಡೇ ಭಗವತಿ ಅತ್ತೆ ಹೊರಗೆ ಬಂದಳು. ಚಾಂಗುವಿನಿಂದ ನಗರಕೋಟ್‌ಗೆ ಮದುವೆಯಾಗಿ ಬಂದವಳು. ತವರೂರಿನಲ್ಲಿ ಬೆಕ್ಕು ಸೀನಿದರೂ ಮಧ್ಯಾಹ್ನದೊಳಗೆ ಅವಳಿಗೆ ವರದಿ ಬರುತ್ತಿತ್ತು.

"ಏ ಪುಷ್ಕರ, ನಿಮ್ಮ ದೊಡ್ಡಪ್ಪನ ಮನೇದು ಗೊತ್ತಾಯ್ತೇನೋ?"

ಪುಷ್ಕರ ಬೆನ್ನು ತಿರುಗಿಸಿ, ದಕ್ಷಿಣ ದಿಕ್ಕಿಗೆ, ಅಂದರೆ ಬೆಟ್ಟವೇ ಇಲ್ಲದ ಕಡೆಗೆ ಕೈ ಚಾಚಿ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಭಾಷಣ ಶುರುಮಾಡಿದ. ಅತ್ತೆ ಗೋಪುರದ ಕಬ್ಬಿಣದ ಏಣಿ ಹತ್ತತೊಡಗಿದಳು. ಮಂಡಿ ನೋವಿನಿಂದ ಕಳೆದ ವರ್ಷ ಪಶುಪತಿಗೂ ಹೋಗದೆ ಉಳಿದವಳು ಈಗ ಮೇಕೆಯಂತೆ ಮೇಲೆ ಬರುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ಅವಳ ತಲೆ ಕಾಣಿಸಿಕೊಂಡಾಗ ಪುಷ್ಕರನಿಗೆ ಬೇರೆ ದಾರಿ ತೋಚಲಿಲ್ಲ. ಇವರು ಈ ಬೆಟ್ಟದ ಅತ್ಯಂತ ಹಿರಿಯ ರೊಟ್ಟಿ ತಜ್ಞೆ, ಫೋಟೋ ತೆಗೆಸಿಕೊಳ್ಳಲು ಬಂದಿದ್ದಾರೆ ಎಂದು ತನ್ನ ತಂಡಕ್ಕೆ ಪರಿಚಯಿಸಿಬಿಟ್ಟ. ಬೆಳಗಿನಿಂದ ಮೋಡ ಬಿಟ್ಟು ಏನನ್ನೂ ಕಾಣದಿದ್ದ ಏಳು ಕ್ಯಾಮೆರಾಗಳು ಒಟ್ಟಿಗೆ ಅವಳತ್ತ ತಿರುಗಿದವು. ಅತ್ತೆ ಸೆರಗು ಸರಿಮಾಡಿಕೊಂಡಳು; ಜಾಲರಿಯನ್ನು ಎದೆಗೆ ಅಡ್ಡ ಹಿಡಿದಳು; ಎಡಗಡೆಯಿಂದ ಒಂದು ತೆಗೆಯಲು ಹೇಳಿದಳು. ಅವಳು ಬಂದ ಕೆಲಸ ನೆನಪಾಗುವಷ್ಟರಲ್ಲಿ ವ್ಯಾನು ಹೊರಟಿತ್ತು.

ತೇಲಕೋಟ್ ಇಳಿಜಾರಿನಲ್ಲಿ ಹಿಂದಿನಿಂದ ಮೋಟಾರ್ ಸೈಕಲ್ ಬಂತು. ಮೇಲೆ ಚಾಂಗು ಶಾಲೆಯ ಧ್ರುವ ಮಾಸ್ತರು. ಅವರು ಕಿಟಕಿಯ ಪಕ್ಕದಲ್ಲೇ ಗಾಡಿ ಓಡಿಸುತ್ತ, ಒಂದು ಕೈ ಆಡಿಸುತ್ತ, ಹೋಮನಾಥ ಕಳಿಸಿದ್ದಾನೆ, ದೇವಸ್ಥಾನಕ್ಕೆ ಹೋಗುವ ಮೊದಲು ನಿಲ್ಲು ಎಂದು ಕೂಗಿದರು. ಪುಷ್ಕರ ಗಾಜು ಏರಿಸಿದ. ಗಾಜು ಅರ್ಧದಲ್ಲಿ ಸಿಕ್ಕಿಕೊಂಡಿತು. ಅವನು ಹಿಂದೆ ತಿರುಗಿ, ನಮ್ಮಲ್ಲಿ ಇಳಿಜಾರು ಇಳಿಯುವಾಗ ಅತಿಥಿಗಳು ತಮ್ಮ ನಾಡಿನ ಹಾಡು ಹಾಡುವುದು ಪದ್ಧತಿ ಎಂದ. ಹಾಲೆಂಡಿನವರು ಪದ್ಧತಿಗಳನ್ನು ಗೌರವಿಸುವ ಜನ. ಏಳು ಕಂಠಗಳು ಏರಿದವು. ಮಾಸ್ತರ ತುಟಿ ಆಡುವುದು ಮಾತ್ರ ಕಾಣುತ್ತಿತ್ತು, ಅಕ್ವೇರಿಯಮ್ಮಿನ ಮೀನಿನ ಹಾಗೆ. ಗೋರೆ ನಗು ತಡೆಯಲಾರದೆ ವ್ಯಾನನ್ನು ಒಮ್ಮೆ ಗುಂಡಿಗೆ ಇಳಿಸಿ ಹತ್ತಿಸಿದ.

"ಮಾಸ್ತರು ಪಾಪ ಎಷ್ಟು ಕಷ್ಟ ಪಡ್ತಿದ್ದಾರೆ ಅಣ್ಣ," ಎಂದ.

"ನೀನು ರಸ್ತೆ ನೋಡು."

ನಿಜವಾದ ಪರೀಕ್ಷೆ ಚಾಂಗುವಿನ ಬೀದಿ. ವ್ಯಾನು ನಿಲ್ಲುವಲ್ಲಿಂದ ದೇವಸ್ಥಾನದವರೆಗೆ ಒಂದೇ ಕಲ್ಲುಹಾದಿ. ಎರಡೂ ಕಡೆ ಮುಖವಾಡದ ಅಂಗಡಿಗಳು, ಜಗಲಿಗಳು, ಪ್ರತಿ ಜಗಲಿಯ ಮೇಲೂ ಅವನನ್ನು ಚಡ್ಡಿ ಹಾಕದ ಕಾಲದಿಂದ ನೋಡಿದವರು. ಪುಷ್ಕರ ಲಿಸೆಟ್ ಹತ್ತಿರ ಬಿಸಿಲಿನ ನೆಪ ಹೇಳಿ ಅವಳ ಅಗಲವಾದ ಹುಲ್ಲಿನ ಟೋಪಿ ಕೇಳಿಕೊಂಡ. ಇನ್ನೊಬ್ಬರಿಂದ ಕಪ್ಪು ಕನ್ನಡಕ. ಹಾಡು ಕೇಳುವವನಂತೆ ಎರಡೂ ಕಿವಿಗೆ ಹತ್ತಿ ತುರುಕಿ, ಏಳು ಎತ್ತರದ ಮೈಗಳ ನಡುವೆ ಕುಗ್ಗಿಕೊಂಡು ನಡೆದ. ಮಾರ್ಗದರ್ಶಿ ತಂಡದ ಮುಂದೆ ಇರಬೇಕಾದವನು. ಇವನನ್ನೇ ತಂಡ ಹೊತ್ತುಕೊಂಡು ಹೋಗುತ್ತಿದ್ದಂತಿತ್ತು. ಜಗಲಿಗಳ ಮೇಲಿನ ಬಾಯಿಗಳು ತೆರೆದವು, ಕೈಗಳು ಅವನನ್ನು ತೋರಿಸಿದವು. ಹತ್ತಿಯ ಆಚೆ ಎಲ್ಲವೂ ದೂರದ ಜೇನುಗೂಡಿನ ಸದ್ದು. ಈ ನಿಶ್ಶಬ್ದ ಅವನಿಗೆ ಯಾಕೋ ಹಿತವಾಗಿತ್ತು. ಇಡೀ ಊರು ಒಂದೇ ಮಾತು ಹೇಳಲು ಕಾದಿದೆ. ಆ ಮಾತು ತನ್ನನ್ನು ಮುಟ್ಟದೆ ಎರಡೂ ಪಕ್ಕಗಳಲ್ಲಿ ಹರಿದುಹೋಗುತ್ತಿದೆ. ಇನ್ನು ಹತ್ತು ಹೆಜ್ಜೆ ನಡೆದರೆ ದೇವಸ್ಥಾನದ ಬಾಗಿಲು.

ಬಾಗಿಲಿನ ಕೆಳಗಿನ ಕಲ್ಲುಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಬಣ್ಣದ ನೇಯ್ಗೆಯ ಢಾಕಾ ಟೋಪಿ, ಶಾಲು, ಗದ್ದಕ್ಕೆ ಊರಿದ ಕೋಲು.

ಪುಷ್ಕರ ಕನ್ನಡಕ ತೆಗೆದ. ಟೀಕಾರಾಮ ದೊಡ್ಡಪ್ಪ. ಉಸಿರಾಡುತ್ತಿದ್ದರು. ಉಸಿರಾಡುವುದಷ್ಟೇ ಅಲ್ಲ, ಕಡಲೆ ತಿನ್ನುತ್ತಿದ್ದರು.

ಅವನ ಕಾಲುಗಳು ತಾವಾಗಿಯೇ ಓಡಿದವು. ಹುಲ್ಲಿನ ಟೋಪಿ ಹಾರಿತು. ಕಿವಿಯ ಹತ್ತಿ ಕಿತ್ತೆಸೆದು, ಪಾದಕ್ಕೆ ಬಿದ್ದು, ಎದ್ದು, ಅಪ್ಪಿಕೊಂಡು ಪುಷ್ಕರ ಗಳಗಳನೆ ಅತ್ತ. ಹನ್ನೆರಡು ದಿನಗಳು, ನಲವತ್ತು ದೇವಸ್ಥಾನಗಳು ಒಂದೊಂದಾಗಿ ಮತ್ತೆ ಅವನಿಗಾಗಿ ಬಾಗಿಲು ತೆರೆಯುತ್ತಿದ್ದವು. ಸಿಮೆಂಟಿನ ಅಂಗಡಿ ಮಂಜಿನಂತೆ ಕರಗುತ್ತಿತ್ತು. ಹಾಲೆಂಡಿನವರು ಸುತ್ತ ನಿಂತು, ಇದೂ ಒಂದು ಪದ್ಧತಿಯಿರಬೇಕೆಂದು ಕೈಮುಗಿದರು.

ದೊಡ್ಡಪ್ಪ ಕೋಲು ಪಕ್ಕಕ್ಕಿಟ್ಟು ಅವನ ಬೆನ್ನು ಸವರಿದರು.

"ಮೂರು ತಿಂಗಳಿಂದ ಮಲಗಿದ್ದೀನಿ. ಬಂದವರೆಲ್ಲ ನನ್ನ ಮುಖ ನೋಡೋಕೆ ಮೊದಲು ಗಂಗೆ ಶೀಶೆ ನೋಡ್ತಾರೆ. ನಾನು ಬದುಕಿರೋದು ಕಂಡು ಹೀಗೆ ಸಂತೋಷಪಟ್ಟವನು ನೀನೊಬ್ನೇ ಕಣೋ."

ಪುಷ್ಕರ ಕಣ್ಣೊರೆಸಿಕೊಂಡ. ಎದೆ ಹಗುರವಾಗಿತ್ತು. ಬನ್ನಿ ದೊಡ್ಡಪ್ಪ, ನಮ್ಮ ಜೊತೆ ಒಳಗೆ ಬನ್ನಿ, ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದ.

"ಇಲ್ಲಪ್ಪ. ನಾನು ಒಳಗೆ ಬರೋ ಹಾಗಿಲ್ಲ."

ಹಿಂದೆ ನಿಂತಿದ್ದ ಗೋರೆ ಜೋರಾಗಿ ಕೆಮ್ಮಿದ. ಹತ್ತಿರ ಬಂದು ಪುಷ್ಕರನ ತೋಳು ಹಿಡಿದ. "ಅಣ್ಣ, ಹೊತ್ತಾಯ್ತು. ನಡೀರಿ ಒಳಗೆ. ಏನೂ ಕೇಳ್ಬೇಡಿ."

ಪುಷ್ಕರ ಅವನ ಕೈ ಕೊಡವಿದ. ಇನ್ನು ಯಾರಿಗೆ ಹೆದರಬೇಕು? ದೊಡ್ಡಪ್ಪ ಎದುರಿಗೇ ಇದ್ದಾರೆ, ಬೆಚ್ಚಗಿದ್ದಾರೆ.

"ಯಾಕೆ ದೊಡ್ಡಪ್ಪ, ಒಳಗೆ ಬರೋದಕ್ಕೇನು?"

ಗೋರೆ ಕಣ್ಣು ಮುಚ್ಚಿಕೊಂಡ.

"ಅಯ್ಯೋ, ನಿನಗಿನ್ನೂ ಗೊತ್ತಿಲ್ವಾ," ದೊಡ್ಡಪ್ಪನ ಬಾಯಿ ಕಿವಿಯವರೆಗೆ ಹಿಗ್ಗಿತು. "ಬೆಳಗಿನ ಜಾವ ಹೋಮನಾಥನ ಹೆಂಡ್ತಿ ಹೆತ್ತಳು. ಇನ್ನೂ ಒಂದು ತಿಂಗಳಿತ್ತು, ಅವಸರದ ಕೂಸು. ಮೊಮ್ಮಗು ಅಂದಿದ್ದೇ ತಡ ನಾನು ಎದ್ದು ಕೂತೆ ನೋಡು, ಹಸಿವಾಯ್ತು. ಹನ್ನೊಂದನೇ ದಿನ ನಾಮಕರಣ. ಅಲ್ಲಿವರೆಗೆ ದಾಯಾದಿಗಳಿಗೆಲ್ಲ ಪುರುಡಿನ ಸೂತಕ. ನೀನು ಗೊತ್ತಿಲ್ಲದೆ ದೇವಸ್ಥಾನದ ಒಳಗೆ ಹೋಗಿಬಿಟ್ಟೀಯ ಅಂತ ಹೋಮನಾಥ ಬೆಳಗಿಂದ ಒದ್ದಾಡ್ತಿದ್ದಾನೆ. ಫೋನು ಎತ್ತಲಿಲ್ವಂತೆ. ಯಾರನ್ನೂ ನಂಬೋದು ಬೇಡ, ನಾನೇ ಹೋಗಿ ಬಾಗಿಲಲ್ಲಿ ಕೂತು ಹೇಳ್ತೀನಿ ಅಂತ ಬಂದೆ."

ಹೋಮನಾಥನ ಹೆಂಡತಿ ಬಸುರಿ ಎಂಬುದು ಪುಷ್ಕರನಿಗೆ ಗೊತ್ತಿತ್ತು. ಆದರೆ ಆ ಮನೆಯಿಂದ ಒಂದೇ ಸುದ್ದಿ ಬರಲು ಸಾಧ್ಯವೆಂದು ನಂಬಿ ಕೂತವನಿಗೆ, ಮಂದಿ ಹುಟ್ಟುವುದೂ ಉಂಟು ಎಂಬುದು ಮರೆತೇಹೋಗಿತ್ತು. ಸೂತಕ ಯಾವ ಕಡೆಯಿಂದ ಬಂದರೂ ಸೂತಕವೇ. ಕೇಳಿಸಲಿಲ್ಲ ಎನ್ನೋಣವೆಂದರೆ ಮೆಟ್ಟಿಲ ಮೇಲೆ ಹೂ ಮಾರುವವಳು, ಎದುರು ಜಗಲಿಯ ಹೆಂಗಸರು, ಬಾಗಿಲಲ್ಲಿ ನಿಂತ ಪೂಜಾರಿ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಪೂಜಾರಿ ನಗುನಗುತ್ತ ಅವನನ್ನು ಅಭಿನಂದಿಸಿ, ಒಂದು ಹೆಜ್ಜೆ ಹಿಂದೆ ಸರಿದ.

ತಂಡ ಕಾಯುತ್ತಿತ್ತು. ಬೇರೆ ಮಾರ್ಗವಿರಲಿಲ್ಲ. ಗೋರೆಯೇ ಅವರನ್ನು ಒಳಗೆ ಕರೆದುಕೊಂಡು ಹೋದ. ಆ ಅಂಗಳದ ಬಗ್ಗೆ ಅವನಿಗೆ ಚಪ್ಪಲಿ ಎಲ್ಲಿ ಬಿಡಬೇಕು ಎಂಬುದಷ್ಟೇ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ನಗು ಕೇಳಿಸಿತು. ಮೊಣಕಾಲೂರಿ ಕೂತ ಕಲ್ಲಿನ ಗರುಡ ಸಂಬಳ ಏರಿಸಿ ಎಂದು ನಾರಾಯಣನನ್ನು ಸಾವಿರ ವರ್ಷದಿಂದ ಕೇಳುತ್ತಿದ್ದಾನೆ ಎನ್ನುತ್ತಿದ್ದ ಗೋರೆ, ತನ್ನ ಮುರುಕು ಇಂಗ್ಲಿಷಿನಲ್ಲಿ. ಪುಷ್ಕರ ಕಟ್ಟೆಯ ಮೇಲೆ ಕೂತು, ಆ ವಿಗ್ರಹದ ನಿಜವಾದ ಚರಿತ್ರೆಯನ್ನು ಮನಸ್ಸಿನಲ್ಲೇ ಹೇಳಿಕೊಂಡ. ಮತ್ತೆ ನಗು. ಚಪ್ಪಾಳೆ.

ಅವರು ಹೊರಗೆ ಬರುವ ಮೊದಲೇ ಲಿಸೆಟ್ ಒಳಗಿನಿಂದ ಸಬೀನಾ ಮೇಡಂಗೆ ಫೋನು ಮಾಡಿಯಾಗಿತ್ತು. ಮೇಡಂ ಗೋರೆಯ ಫೋನಿಗೆ ಕರೆದು ಪುಷ್ಕರನನ್ನು ಕೇಳಿದರು. ಧ್ವನಿಯಲ್ಲಿ ತುಂಬ ಸಂತೋಷವಿತ್ತು. ಅವನ ಮನೆಯ ಶುಭ ಸಮಾಚಾರವೂ ಅವರನ್ನು ಮುಟ್ಟಿತ್ತು.

"ಅವರಿಗೆ ಗೋರೆನೇ ಬೇಕಂತೆ. ನಾಡಿದ್ದು ಲೈಸೆನ್ಸ್ ಇರೋ ಒಬ್ಬರನ್ನ ಸುಮ್ಮನೆ ಜೊತೆಗೆ ಕಳಿಸ್ತೀನಿ, ಮಾತೆಲ್ಲ ಗೋರೆನೇ ಆಡಲಿ. ಪುಷ್ಕರ್, ನೀವು ಹೇಗೂ ಖಾಲಿ ಇದ್ದೀರಲ್ಲ. ಇವತ್ತು ನಾಳೆ ಅವನಿಗೆ ಸ್ವಲ್ಪ ಇತಿಹಾಸ ಹೇಳಿಕೊಡಿ. ಜಾಸ್ತಿ ಬೇಡ, ಚೆನ್ನಾಗಿರೋದು ಕೆಡತ್ತೆ."

ಗೋರೆ ತಲೆ ಕೆರೆದುಕೊಂಡು ಪಕ್ಕದಲ್ಲಿ ನಿಂತ. ಬೆಳಿಗ್ಗೆಯೇ ಹೇಳಬೇಕೆಂದಿದ್ದೆ, ನೀವೇ ತಾಯಾಣೆ ಹಾಕಿಸಿದಿರಿ ಎಂದ. ಅವನು ತಂಡವನ್ನು ಕರೆದುಕೊಂಡು ಬೀದಿ ಇಳಿದ. ಹೊತ್ತು ತಿರುಗಿತ್ತು. ಬೆಳಗ್ಗೆ ಮುಚ್ಚಿದ್ದ ಮೋಡ ಈಗ ಯಾರೂ ಕೇಳದೆಯೇ ಚದುರಿ, ಹಿಮದ ಸಾಲು ಪೂರ್ತಿ ಬಿಚ್ಚಿಕೊಂಡಿತು. ಗೋರೆ ಬೆರಳು ತೋರಿಸಿ ಅದಕ್ಕೆ ಏನೇನೋ ಹೆಸರಿಡುತ್ತಿದ್ದ.

ಕಟ್ಟೆಯ ಮೇಲೆ ಇಬ್ಬರೇ ಉಳಿದರು. ದೊಡ್ಡಪ್ಪ ಹೋಗಿಬರುವವರನ್ನೆಲ್ಲ ನಿಲ್ಲಿಸಿ, ತನ್ನನ್ನು ಕಂಡು ಈ ಹುಡುಗ ಹೇಗೆ ಅತ್ತ ಎಂದು ವಿವರಿಸುತ್ತಿದ್ದರು. ಹೆತ್ತ ಮಗನೂ ಹಾಗೆ ಅತ್ತಿರಲಿಲ್ಲ ಎಂದರು. ಮೂರನೆಯ ಸಲ ಹೇಳುವಾಗ ಅವರ ಕಣ್ಣು ತುಂಬಿತು. ಮುಷ್ಟಿಯಲ್ಲಿದ್ದ ಕಡಲೆಯ ಅರ್ಧವನ್ನು ಪುಷ್ಕರನ ಅಂಗೈಗೆ ಸುರಿದು, ಅವನ ಬೆರಳುಗಳನ್ನು ಮಡಚಿದರು.

"ನನ್ನ ಮೇಲೆ ನಿನಗೆ ಅಷ್ಟು ಪ್ರೀತಿ ಇತ್ತು ಅಂತ ಗೊತ್ತೇ ಇರಲಿಲ್ಲ ಮಗಾ," ಎಂದರು.

ಪುಷ್ಕರ ಕಡಲೆ ತಿಂದ. ತಾನು ಅತ್ತದ್ದು ಯಾಕೆ ಎಂದು ಅವನು ದೊಡ್ಡಪ್ಪನಿಗೆ ಹೇಳಲಿಲ್ಲ.