ಹೊಯಿಗೆ ಕುದಿಸಿದ ಮಾವ

ನೀರು ಕುದಿಸುವವರನ್ನು ಎಲ್ಲರೂ ನೋಡಿದ್ದೀರಿ. ಹೊಯಿಗೆ ಕುದಿಸಿದವರನ್ನು ನೋಡಿದ್ದೀರಾ? ಹೊಳೆಯಿಂದ ಬುಟ್ಟಿಯಲ್ಲಿ ಹೊತ್ತು ತಂದ, ಬಿಸಿಲಿಗೆ ಒಣಗಿಸಿದ, ಅಪ್ಪಟ ಹೊಯಿಗೆ, ಅಂದರೆ ಮರಳು! ನಾನು ನೋಡಿದ್ದೇನೆ. ಕಬಕದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವನೇ ಆ ಮಹಾಶಯ. ಊರಿಗೆ ಕರೆಂಟ್ ಇನ್ನೂ ಬಾರದ ಕಾಲ ಅದು.

ಎಲ್ಲಕ್ಕೂ ಕಾರಣ ಮಾವನ ಹೆಂಡತಿ, ನನ್ನ ಅತ್ತೆಯ ಕೈ. ನಮ್ಮ ಕಡೆ ಮದುವೆಯ ಮುನ್ನಾದಿನ ಊರವರೆಲ್ಲ ತಂತಮ್ಮ ಚೂರಿ ಹಿಡಿದುಕೊಂಡು ಮದುವೆಮನೆಗೆ ಬರುತ್ತಾರೆ. ಹೆದರಬೇಡಿ, ತರಕಾರಿ ಹೆಚ್ಚಲು! ಅತ್ತೆ ಕೂತರೆಂದರೆ ಸೌತೆಕಾಯಿಯ ರಾಶಿ ನೋಡನೋಡುತ್ತ ಕರಗುತ್ತಿತ್ತು. ಆಮೇಲೆ ಅವರ ಬೆರಳಿನ ಗಂಟುಗಳು ಊದಿಕೊಂಡವು, ಚೂರಿ ಒತ್ತಲು ಬಲ ಸಾಲದಾಯಿತು. ಒಂದು ಮದುವೆಯಲ್ಲಿ ಯಾರೋ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ, "ನೀವು ಸುಮ್ಮನೆ ಕೂತ್ಕೊಳ್ಳಿ ಅಕ್ಕ, ಮಾತಾಡ್ತಾ ಇದ್ರೆ ಸಾಕು" ಎಂದು ಚೂರಿ ತೆಗೆದಿಟ್ಟಳು. ಅತ್ತೆ ಮನೆಗೆ ಬಂದು ಅದನ್ನು ಅಟ್ಟಕ್ಕೆ ಎಸೆದರು. ಮತ್ತೆ ಯಾವ ಮದುವೆಮನೆಗೂ ಮುನ್ನಾದಿನ ಹೋಗಲಿಲ್ಲ.

ಮಾವ ಸಮಾಧಾನ ಹೇಳುವ ಪೈಕಿ ಅಲ್ಲ. "ಒತ್ತದೆ ಕೊಯ್ಯುವ ಚೂರಿ ಮಾಡಿದ್ರೆ ಆಯ್ತಲ್ಲ!" ಎಂದರು. ಹಳೆಯ ಗರಗಸದ ತುಂಡನ್ನು ಉಜ್ಜಿ ತೆಳ್ಳಗಿನ ಅಲಗು ಮಾಡಿ, ಆಚಾರಿಯ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಅಲಗು ಗಾಜಿನ ಹಾಗೆ ಪೆಡಸಾಯಿತು. ಕೈಜಾರಿ ಬಿದ್ದದ್ದೇ ಎರಡು ತುಂಡು! ಹಾಗಾಗದಿರಲು ಅದಕ್ಕೆ ಇನ್ನೊಮ್ಮೆ ಸಣ್ಣ ಬಿಸಿ ಕೊಟ್ಟು ಹದ ಮಾಡಬೇಕು, ಆ ಬಿಸಿ ತುದಿಯಿಂದ ಬುಡದವರೆಗೆ ಒಂದೇ ಸಮ ಇರಬೇಕು. ಬರೀ ಬೆಂಕಿಯಲ್ಲಿ ಅದೆಲ್ಲಿ ಸಿಗಬೇಕು? ಒಂದು ಸಂಜೆ ಅತ್ತೆ ಬಾಣಲೆಯ ಬಿಸಿ ಹೊಯಿಗೆಯಲ್ಲಿ ನೆಲಗಡಲೆ ಹುರಿಯುತ್ತಿದ್ದರು. ಒಂದು ಕಾಳೂ ಸೀದಿರಲಿಲ್ಲ. ಮಾವ ಧಡಕ್ಕನೆ ಎದ್ದು ನಿಂತರು.

"ಚೂರಿಯನ್ನೂ ಹುರಿಯುದು!"

"ಉಪ್ಪು ಎಷ್ಟು ಹಾಕ್ಲಿ?" ಎಂದರು ಅತ್ತೆ.

ಸುಮ್ಮನೆ ಬಿದ್ದ ಹೊಯಿಗೆಯಲ್ಲಿ ಚೂರಿ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯಿತು. ಕಡಲೆಯ ಹಾಗೆ ಸೌಟಿನಲ್ಲಿ ತಿರುವುತ್ತ ಕೂರಲು ಆಗುತ್ತದೆಯೇ? ಗಾಳಿಯೇ ತಿರುವಲಿ ಎಂದುಕೊಂಡರು ಮಾವ. ರಸ್ತೆ ಕೆಲಸದವರು ಬಿಸಾಡಿದ ಡಾಮರಿನ ಡಬ್ಬಿಯ ಅಡಿಗೆ ಸೂಜಿತೂತುಗಳ ತಗಡು ಕೂರಿಸಿದರು. ಒಳಗೆ ಹೊಯಿಗೆ, ಕೆಳಗಿನಿಂದ ಆಚಾರಿಯ ಹಳೆಯ ಜೋಡಿ ತಿದಿಯ ಗಾಳಿ, ಸುತ್ತಲೂ ತೆಂಗಿನ ಗೆರಟೆಯ ಕೆಂಡ. ಮೊದಲ ದಿನ ತಿದಿ ಜೋರಾಗಿ ಒತ್ತಿದ್ದೇ ತಡ, ಹೊಯಿಗೆ ಹೆಂಚಿಗೆ ಹಾರಿ, ಅಲ್ಲಿಂದ, ನೋಡಲು ಬಂದಿದ್ದ ನೆಂಟರ ಮಜ್ಜಿಗೆ ಲೋಟಕ್ಕೆ ಇಳಿಯಿತು. ಸಣ್ಣ ಹೊಯಿಗೆ ಹಾರುತ್ತದೆ, ದೊಡ್ಡದು ಅಲುಗುವುದೇ ಇಲ್ಲ. ಸಮನಾದ ಕಾಳು ಬೇಕೆಂದು ಮಾವ ಅಡುಗೆಮನೆಯ ಜರಡಿ ಒಯ್ದು, ಯಾರಿಗೂ ಹೇಳದೆ ವಾಪಸು ಇಟ್ಟರು. ಆ ವಾರದ ರೊಟ್ಟಿ ತಿಂದು ನಮ್ಮ ಹಲ್ಲಿಗೆಲ್ಲ ಸಾಣೆ ಹಿಡಿದಂತಾಯಿತು!

ಅಂತೂ ಒಂದು ದಿನ ತಿದಿಯ ಗಾಳಿಗೆ ಹೊಯಿಗೆ ಗಂಜಿಯ ಹಾಗೆ ಗುಳುಗುಳು ಕುದಿಯಿತು. ಅದರೊಳಗೆ ಮುಳುಗಿ ಹೊರಬಂದ ಚೂರಿಗೆ ತುದಿಯಿಂದ ಬುಡದವರೆಗೆ ಒಂದೇ ಹೊಂಬಣ್ಣ. ಮಾವ ಅದಕ್ಕೆ ಹಿಡಿ ಹಾಕಿ ಅತ್ತೆಯ ಎದುರು ಇಟ್ಟರು.

ನನ್ನ ತಂಗಿಯ ಮದುವೆಯ ಮುನ್ನಾದಿನ ಅತ್ತೆ ಆ ಚೂರಿ ಹಿಡಿದು ಬಂದು ಹೆಂಗಸರ ನಡುವೆ ಕೂತರು. ಚೂರಿ ಸೌತೆಕಾಯಿಯೊಳಗೆ ತನ್ನಷ್ಟಕ್ಕೇ ಇಳಿಯಿತು. ಆದರೆ ಒಂದು ಕಾಯಿ ಮುಗಿಯುವುದರೊಳಗೆ ಬೆರಳುಗಳಿಂದ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಜಾರಿತು. ಒತ್ತುವ ಕಷ್ಟವನ್ನು ಮಾವ ತಪ್ಪಿಸಿದ್ದರು. ಹಿಡಿಯುವುದೂ ಒಂದು ಕಷ್ಟ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಮುಖ ನನಗೆ ನೋಡಲಾಗಲಿಲ್ಲ.

ಅತ್ತೆಯೇ ಎದ್ದು ಬಂದರು. "ನಿಮ್ಮ ಚೂರಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಇನ್ನು ನನ್ನ ಕೈಯನ್ನೇ ಆ ಹೊಯಿಗೆಗೆ ಹಾಕ್ಬೇಕಷ್ಟೆ."

ಹೇಳಿದ್ದು ತಮಾಷೆಗೆ. ಮಾವನಿಗೆ ತಮಾಷೆ ಯಾವತ್ತು ಅರ್ಥವಾಗಿತ್ತು? ಮದುವೆ ಮುಗಿದದ್ದೇ ಡಬ್ಬಿಯ ಸುತ್ತಲಿನ ಕೆಂಡ ತೆಗೆದು, ಬೂದಿಯ ಬಿಸಿಯನ್ನಷ್ಟೇ ಉಳಿಸಿ, ಮಗುವಿನ ಸ್ನಾನದ ನೀರು ನೋಡುವ ಹಾಗೆ ಮೊಣಕೈ ಅದ್ದಿ ನೋಡಿ, ಅತ್ತೆಯನ್ನು ಕರೆದರು. ಗಾಳಿಗೆ ಕುದಿಯುವ ಹೊಯಿಗೆಗೆ ಭಾರವೇ ಇರುವುದಿಲ್ಲ. ಕೈಗಳು ಮಣಿಕಟ್ಟಿನವರೆಗೆ ಮುಳುಗಿದವು. ಅತ್ತೆ ಹಾಯಾಗಿ ಕಣ್ಣು ಮುಚ್ಚಿಕೊಂಡರು.

"ಬಿಸಿ ಹೆಚ್ಚಾಯ್ತಾ?"

"ಇಲ್ಲ, ಸರಿ ಉಂಟು."

ಊದಿದ ಗಂಟುಗಳು ಇಳಿಯಲಿಲ್ಲ, ಚೂರಿ ಹಿಡಿಯಲೂ ಆಗಲಿಲ್ಲ. ಆದರೂ ಆಮೇಲೆ ಅತ್ತೆಗೆ ನಿದ್ದೆ ಬರುತ್ತಿತ್ತು. ಸಂಜೆಯಾದರೆ ಮಾವ ಅಂಗಡಿಗೆ ಬಾಗಿಲೆಳೆದು ತಿದಿಯ ಮುಂದೆ ಕೂರುತ್ತಿದ್ದರು.

ಒಂದು ಮಳೆಗಾಲ ಅತ್ತೆ ಜ್ವರ ಬಂದು ತೀರಿಕೊಂಡರು. ಅವರ ಉತ್ತರಕ್ರಿಯೆಗೂ ಊರವರು ಚೂರಿ ಹಿಡಿದು ಬಂದು ತರಕಾರಿ ಹೆಚ್ಚಿದರು. ಕೆಲವು ದಿನ ಕಳೆದು ನಾನು ಹೋದಾಗ ಡಬ್ಬಿ ಇಟ್ಟಿದ್ದ ಕೊಟ್ಟಿಗೆಯಿಂದ ತಿದಿಯ ಸದ್ದು ಕೇಳುತ್ತಿತ್ತು. ಹೊಯಿಗೆ ಕುದಿಯುತ್ತಿತ್ತು, ಸುತ್ತ ಬೆಂಕಿ ಇರಲಿಲ್ಲ.

"ಎಂತ ಮಾವ, ಚೂರಿ ಉಂಟಾ ಒಳಗೆ?"

"ಇಲ್ಲ. ಸುಮ್ಮನೆ."

ಎದುರು ಕೂತು ಎರಡೂ ಕೈಗಳನ್ನು ಹೊಯಿಗೆಯೊಳಗೆ ಇಳಿಸಿದೆ. ಹೊಳೆಯ ನೀರಿನ ಹಾಗೆ ತಣ್ಣಗಿತ್ತು. ಮಾವ ತಲೆ ಎತ್ತದೆ ತಿದಿ ಒತ್ತುತ್ತಲೇ ಇದ್ದರು.

"ಬಿಸಿ ಹೆಚ್ಚಾಯ್ತಾ?" ಎಂದು ಕೇಳಿದರು.

"ಇಲ್ಲ, ಸರಿ ಉಂಟು" ಎಂದೆ.